ಜಂತಿ ಮಾಳಿಗೆಯ ಮೇಲೆ ಬೀಡಿನ ಟಬ್ಬು: ಭಾರವನ್ನು ನೆಲದವರೆಗೆ ಇಳಿಸಿದ ಕೆಲಸದ ದಾಖಲೆ

ಕೊಪ್ಪಳದ ಹಳೆಯ ಓಣಿಯೊಂದರಲ್ಲಿರುವ ನಮ್ಮ ಮನೆಯನ್ನು, ಊರು ಸಾಲಾರ್‌ಜಂಗ್ ಮನೆತನದ ಜಹಗೀರಿಗೆ ಸೇರಿದ್ದ ಕಾಲದಲ್ಲಿ ನಮ್ಮ ಮುತ್ತಜ್ಜ ಕಟ್ಟಿಸಿದರು. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ನಡುಮನೆಯಲ್ಲಿ ತಲೆಯ ಮೇಲೆ ಬೋದಿಗೆ (ತೊಲೆಗೆ ಆಸರೆಯಾಗುವ ಅಡ್ಡ ಮರ) ಹೊತ್ತ ಸಾಗವಾನಿ ಕಂಬಗಳು, ಕಂಬಗಳ ಮೇಲೆ ತೊಲೆ, ತೊಲೆಯಿಂದ ಹೊರಗೋಡೆಗೆ ಹಾಯ್ದ ಬೇವಿನ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಐದು ಇಂಚು ಮಣ್ಣಿನ ಮೇಲ್ಮುದ್ದೆ: ಇಷ್ಟು ಆ ಮನೆಯ ಮೈಕಟ್ಟು. ಉಗ್ರಾಣದ ಮೇಲಿರುವ ಹಿಂದಿನ ಕೋಣೆಯಲ್ಲಿ ಬೀಡುಕಬ್ಬಿಣದ ಸ್ನಾನದ ಟಬ್ಬನ್ನು ಇಡಲು ನಾವು ಈ ಬೇಸಿಗೆಯಲ್ಲಿ ಕೈಗೊಂಡ ಕೆಲಸವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಟಬ್ಬು ಬೇಕಾದದ್ದು ಅಕ್ಕನಿಗೆ. ಶಾಲೆಯಲ್ಲಿ ದಿನವಿಡೀ ನಿಂತು ಪಾಠ ಹೇಳುವ ಅವಳ ಸೊಂಟದ ನೋವಿಗೆ, ಸಂಜೆ ಇಪ್ಪತ್ತು ನಿಮಿಷ ಬಿಸಿನೀರಿನಲ್ಲಿ ಮೈ ಬಿಟ್ಟು ಮಲಗಿದರೆ ಆರಾಮ ಸಿಗುತ್ತದೆಂದು ವೈದ್ಯರು ಹೇಳಿದ್ದರು. ಕೆಳಗಿನ ಬಚ್ಚಲಲ್ಲಿ ಹಂಡೆ, ಬಾನಿ ಇಟ್ಟಮೇಲೆ ಒಬ್ಬರು ಕುಳಿತುಕೊಳ್ಳುವಷ್ಟೇ ಜಾಗ. ಬಳ್ಳಾರಿಯ ಕಂಟೋನ್ಮೆಂಟ್ ಕಡೆಯ ಹಳೆಯ ಬಂಗಲೆಯೊಂದನ್ನು ಕೆಡವಿದಾಗ ಹೊರಬಂದ ಟಬ್ಬು ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಒಳಗಿನ ಬಿಳಿಯ ಎನಾಮಲ್ ಎಲ್ಲಿಯೂ ಸಿಡಿದಿರಲಿಲ್ಲ, ನಾಲ್ಕೂ ಕಾಲುಗಳು ಗಟ್ಟಿಯಾಗಿದ್ದವು. ಅಂಗಡಿಯ ಕಾಟಾದಲ್ಲಿ ತೂಗಿದಾಗ 118 ಕೆ.ಜಿ. ಬಂದಿತು. ಅದು ಹೊಸಪೇಟೆ ಮಾರ್ಗವಾಗಿ ಮನೆಯಂಗಳಕ್ಕೆ ಬಂದು ಇಳಿದ ದಿನವೇ ನಾನು ಮಾಳಿಗೆಯ ಲೆಕ್ಕ ಹಾಕಲು ಕುಳಿತೆ.

ಉದ್ದ ಐದು ಅಡಿ, ಅಗಲ ಎರಡೂಕಾಲು ಅಡಿ. ಮೇಲಿನ ತೂತಿನವರೆಗೆ ತುಂಬಿದರೆ 170 ಲೀಟರ್ ನೀರು, ಅಂದರೆ 170 ಕೆ.ಜಿ. ಮೈ ಮುಳುಗಿದಾಗ ಅಷ್ಟೇ ತೂಕದ ನೀರು ಆ ತೂತಿನಿಂದ ಹೊರಹೋಗುವುದರಿಂದ, ತುಂಬಿದ ಟಬ್ಬಿನ ಲೆಕ್ಕಕ್ಕೆ ಮನುಷ್ಯನ ತೂಕವನ್ನು ಪೂರ್ತಿಯಾಗಿ ಮತ್ತೆ ಕೂಡಿಸಬೇಕಾಗಿಲ್ಲ. ಆದರೂ ಅದನ್ನು ಕೂಡಿಸಿದೆ. ಅಕ್ಕನನ್ನು ಎಬ್ಬಿಸಲು ಪಕ್ಕದಲ್ಲಿ ನಿಲ್ಲುವವರ ತೂಕವನ್ನೂ ಸೇರಿಸಿ ಒಟ್ಟು 420 ಕೆ.ಜಿ. ಎಂದು ಹಿಡಿದೆ. ವಾಸದ ಮನೆಯ ಕೋಣೆಗಳಿಗೂ ಬಚ್ಚಲಿಗೂ ಪ್ರತಿ ಚದರ ಮೀಟರ್‌ಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕೆ.ಜಿ. ಬಳಕೆಯ ಭಾರವನ್ನು ಹಿಡಿಯಬೇಕೆಂದು ಭಾರತೀಯ ಮಾನಕ 875ರ ಎರಡನೆಯ ಭಾಗ ಹೇಳುತ್ತದೆ. ನಮ್ಮ ಟಬ್ಬು ನಿಲ್ಲುವಷ್ಟು ಜಾಗದಲ್ಲಿ ಅದರ ಎರಡು ಪಟ್ಟು ಭಾರ, ಅದೂ ನಾಲ್ಕು ಕಾಲುಗಳ ಮೂಲಕ ನಾಲ್ಕು ಬಿಂದುಗಳಲ್ಲಿ ಬೀಳುತ್ತದೆ.

ಇನ್ನು ಮಾಳಿಗೆ. ಕೋಣೆ ಒಂಬತ್ತು ಅಡಿಗೆ ಹನ್ನೆರಡು ಅಡಿ. ದಕ್ಷಿಣದ ತೊಲೆಯಿಂದ ಉತ್ತರದ ಗೋಡೆಗೆ ಒಂಬತ್ತು ಅಡಿ ಹಾಯುವ ಏಳು ಜಂತಿಗಳು, ಹದಿನೆಂಟು ಇಂಚಿಗೊಂದರಂತೆ; ಪ್ರತಿ ಜಂತಿ ಮೂರು ಇಂಚು ಅಗಲ, ನಾಲ್ಕು ಇಂಚು ಎತ್ತರ. ಹಳೆಯ ಬೇವಿಗೆ ಚದರ ಮಿಲಿಮೀಟರ್‌ಗೆ 8 ನ್ಯೂಟನ್‌ಗಿಂತ ಹೆಚ್ಚಿನ ಬಾಗುಬಲವನ್ನು ಹೊರಿಸುವುದು ಬೇಡವೆಂದು ತೀರ್ಮಾನಿಸಿ ಲೆಕ್ಕ ಹಾಕಿದಾಗ, ಆ ಜಂತಿಗಳು ಚದರ ಮೀಟರ್‌ಗೆ ಸುಮಾರು 245 ಕೆ.ಜಿ. ಹೊರಬಲ್ಲವೆಂದು ತಿಳಿಯಿತು. ಐದು ಇಂಚು ಮೇಲ್ಮುದ್ದೆಯ ತೂಕವೇ ಚದರ ಮೀಟರ್‌ಗೆ 200 ಕೆ.ಜಿ.; ಹಲಗೆ ಮತ್ತು ಜಂತಿಯ ಸ್ವಂತ ತೂಕ ಇಪ್ಪತ್ತರ ಸುಮಾರು. ಟಬ್ಬಿನ ಮಾತು ಬರುವ ಮೊದಲೇ ಮಣ್ಣು ಆ ಮಾಳಿಗೆಯ ಶಕ್ತಿಯನ್ನೆಲ್ಲ ಬಳಸಿಕೊಂಡು ಕುಳಿತಿತ್ತು.

ಆದ್ದರಿಂದ ಕೆಲಸ ಶುರುವಾದದ್ದು ಸೇರಿಸುವುದರಿಂದಲ್ಲ, ತೆಗೆಯುವುದರಿಂದ. ಬಿಸಿಲಿನ ಕಾಲದಲ್ಲಿ ತಂಪು ಕೊಡುವ ಮಣ್ಣನ್ನು ಕಿತ್ತುಹಾಕಲು ಮನೆಯ ಹಿರಿಯರಿಗೆ ಮನಸ್ಸಿರಲಿಲ್ಲ. ಮೇಲೆ ಇನ್ನೊಂದು ಅಂತಸ್ತು ಇರುವಲ್ಲಿ ನಡುವಿನ ಮಣ್ಣಿನಿಂದ ಸಿಗುವ ತಂಪು ಕಡಿಮೆ ಎಂದು ಅವರಿಗೆ ತಿಳಿಸಿ ಹೇಳಬೇಕಾಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಅಷ್ಟೊಂದು ಜನ ಸತ್ತದ್ದು ಇಂಥದೇ ಕಲ್ಲು-ಮಣ್ಣಿನ ಗೋಡೆ ಮತ್ತು ಭಾರವಾದ ಮಣ್ಣಿನ ಮಾಳಿಗೆಗಳ ಅಡಿಯಲ್ಲಿ ಎಂಬುದು ನನ್ನ ಮನಸ್ಸಿನಿಂದ ಎಂದೂ ಹೋಗಿಲ್ಲ. ತಲೆಯ ಮೇಲಿನ ಭಾರ ಎಷ್ಟು ಕಡಿಮೆಯಾದರೂ ಲಾಭವೇ.

ಮಣ್ಣು ತೆಗೆಯುವ ಮುನ್ನ ಒಂದು ಅಳತೆ ಮಾಡಿಕೊಂಡೆ, ಮತ್ತು ಇಡೀ ಕೆಲಸದಲ್ಲಿ ನನಗೆ ಹೆಚ್ಚು ಕಲಿಸಿದ್ದು ಅದೇ. ಉಗ್ರಾಣದಲ್ಲಿ ನಿಂತು ನಾಲ್ಕನೆಯ ಜಂತಿಯ ಎರಡು ತುದಿಗಳಿಗೆ ಸೇರಿಸಿ ನೂಲನ್ನು ಬಿಗಿಯಾಗಿ ಕಟ್ಟಿದಾಗ, ನಟ್ಟನಡುವೆ ಜಂತಿ ನೂಲಿಗಿಂತ 25 ಮಿ.ಮೀ. ಕೆಳಗೆ ಜೋಲಿತ್ತು. ಮೇಲಿದ್ದ ಭಾರಕ್ಕೆ ಬೇವಿನ ಜಂತಿ ಆ ಕ್ಷಣದಲ್ಲಿ ಎಷ್ಟು ಬಾಗಬೇಕೆಂದು ಲೆಕ್ಕ ಹಾಕಿದರೆ 12ರಿಂದ 13 ಮಿ.ಮೀ. ಬರುತ್ತಿತ್ತು. ಉಳಿದರ್ಧ ಎಲ್ಲಿಂದ ಬಂದದ್ದು ಎಂಬುದಕ್ಕೆ ಉತ್ತರ, ಮಣ್ಣನ್ನು ಹೊರಹಾಕಿದ ದಿನ ಸಿಕ್ಕಿತು. ಒಂದು ಪುಟ್ಟಿ ಮಣ್ಣು ತೂಗಿ ನೋಡಿದರೆ 18 ಕೆ.ಜಿ.; ಅಂಥ 112 ಪುಟ್ಟಿಗಳು ಹೋದವು, ಅಂದರೆ ಎರಡು ಟನ್. ಸಂಜೆ ಅದೇ ನೂಲಿಗೆ ಅಳೆದಾಗ ಜಂತಿ 11 ಮಿ.ಮೀ. ಮೇಲೆದ್ದಿತ್ತು. ಇಷ್ಟು ವರ್ಷ ಬಾಗಿ ನಿಂತಿದ್ದ ಮರ ಹೊರೆ ಇಳಿದ ಕೂಡಲೇ ಬೆನ್ನು ನೆಟ್ಟಗೆ ಮಾಡಲು ಯತ್ನಿಸಿದ್ದನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಉಳಿದ 14 ಮಿ.ಮೀ. ಮಾತ್ರ ಮರಳಲಿಲ್ಲ, ದೀರ್ಘಕಾಲ ಒಂದೇ ಭಾರ ಹೊತ್ತ ಮರ ನಿಧಾನವಾಗಿ ಆ ಬಾಗನ್ನೇ ತನ್ನ ರೂಪವಾಗಿ ಮಾಡಿಕೊಳ್ಳುತ್ತದೆ. ಅದನ್ನು ಜಾಕಿ ಕೊಟ್ಟು ಬಲವಂತವಾಗಿ ನೇರಗೊಳಿಸಿದರೆ ಮರ ಸೀಳುವ ಭಯವಿರುವುದರಿಂದ, ಆ ಬಾಗನ್ನು ಹಾಗೆಯೇ ಬಿಟ್ಟೆವು.

ನಮ್ಮ ಬಡಿಗೇರ ಕಾಕಾ ಜಂತಿಯ ತುದಿಗಳನ್ನು ಪರೀಕ್ಷಿಸಿದ ರೀತಿಯನ್ನೂ ಹೇಳಬೇಕು. ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಬಡಿಯುತ್ತ, ಗೋಡೆಯ ಕಡೆಗೆ ಸರಿಯುತ್ತ ಹೋದರು. ನಡುವೆ ಗಟ್ಟಿಯಾಗಿ ಕೇಳಿಸುತ್ತಿದ್ದ ಸದ್ದು, ಎರಡು, ಮೂರು ಮತ್ತು ಐದನೆಯ ಜಂತಿಗಳಲ್ಲಿ ಗೋಡೆಯ ಬಳಿ ಮಂದವಾಯಿತು. ಗೋಡೆಯ ಗೂಡಿನಿಂದ ಒಂದು ಕಲ್ಲು ಸಡಿಲಿಸಿ ಉಳಿಯ ತುದಿ ಒತ್ತಿದಾಗ ಅದು ಒಂದೂವರೆ ಇಂಚು ತಡೆಯಿಲ್ಲದೆ ಒಳಗೆ ಹೋಯಿತು. "ಮ್ಯಾಲೆ ಗಟ್ಟಿ ಕಾಣ್ತೈತಿ ತಮ್ಮಾ, ಗ್ವಾಡಿ ಒಳಗ ಪೂರಾ ಗೆದ್ದಲ ತಿಂದೈತಿ. ಹೊರಗಿಂದು ನೋಡಿ ನಂಬಬ್ಯಾಡ," ಎಂದರು. ಮಣ್ಣಿನ ಗೋಡೆಯೊಳಗೆ ನಾಲ್ಕೂ ಕಡೆ ಮುಚ್ಚಿಹೋದ ಮರಕ್ಕೆ ಗಾಳಿ ಸಿಗುವುದಿಲ್ಲ, ತೇವ ಆರುವುದಿಲ್ಲ. ಗೆದ್ದಲಿಗೆ ಬೇಕಾದದ್ದೂ ಅದೇ.

ಈ ಸಂಗತಿ ನನ್ನ ಯೋಜನೆಯನ್ನೇ ಬದಲಿಸಿತು. ನೀರು ಹೊರಹೋಗುವ ಅನುಕೂಲಕ್ಕಾಗಿ ಟಬ್ಬನ್ನು ಉತ್ತರದ ಗೋಡೆಗೆ ಒತ್ತಿ, ಅದರ ಉದ್ದ ಜಂತಿಗಳಿಗೆ ಅಡ್ಡವಾಗುವಂತೆ ಇಡಲು ನಿಶ್ಚಯಿಸಿದ್ದೆ. ಹಾಗಿಟ್ಟರೆ ಭಾರ ನಾಲ್ಕು ಜಂತಿಗಳಿಗೆ ಹಂಚುತ್ತದೆ. ಜೊತೆಗೆ, ಗೋಡೆಯಿಂದ ಹದಿನಾರು ಇಂಚಿನಲ್ಲಿ ಬೀಳುವ ಭಾರವು ಜಂತಿಯನ್ನು ಬಾಗಿಸುವ ಬಲ, ಅದೇ ಭಾರ ನಡುವೆ ಬಿದ್ದಾಗಿನ ಬಲದ ಅರ್ಧದಷ್ಟೇ ಇರುತ್ತದೆ. ಆದರೆ ಆ ಅನುಕೂಲಕ್ಕೆ ತಕ್ಕ ಬೆಲೆಯೂ ಇದೆ. ಗೋಡೆಯ ಬಳಿ ಇಟ್ಟ ಭಾರದ ನೂರರಲ್ಲಿ 85 ಭಾಗ ಆ ಬದಿಯ ತುದಿಗೇ ಹೋಗುತ್ತದೆ, 420 ಕೆ.ಜಿ.ಯಲ್ಲಿ 360 ಕೆ.ಜಿ.ಯನ್ನು ಹೊರಬೇಕಾದದ್ದು ಗೆದ್ದಲು ತಿಂದ ಆ ತುದಿಗಳೇ. ಜಂತಿಯ ನಡುವನ್ನು ಎಷ್ಟು ಬಲಪಡಿಸಿದರೂ ತುದಿ ಕುಸಿದರೆ ಏನೂ ಉಳಿಯುವುದಿಲ್ಲ. ಮಾಳಿಗೆಯನ್ನು ಬಲಪಡಿಸುವುದೆಂದರೆ ಭಾರವು ಎಲ್ಲೆಲ್ಲಿ ಹಾದು ನೆಲ ಮುಟ್ಟುತ್ತದೆ ಎಂಬುದನ್ನು ಮೊಳ ಮೊಳವಾಗಿ ಹಿಂಬಾಲಿಸುವುದು ಎಂದು ನಾನು ಆಗ ಅರಿತೆ.

ಆದ್ದರಿಂದ ಉತ್ತರದ ಗೋಡೆಯನ್ನು ಈ ಭಾರದಿಂದ ಪೂರ್ತಿ ಬಿಡಿಸಿದೆವು. ಗೋಡೆಯಿಂದ ಒಂದು ಇಂಚು ಬಿಟ್ಟು, ನಾಲ್ಕು ಇಂಚು ಅಗಲ, ಆರು ಇಂಚು ಎತ್ತರದ ಹೊಸ ತೊಲೆಯನ್ನು ಜಂತಿಗಳ ಕೆಳಗೆ ಹಾಯಿಸಿ, ಅದಕ್ಕೆ ಆರು ಅಡಿಗೊಂದರಂತೆ ಮೂರು ಕಂಬಗಳನ್ನು ಉಗ್ರಾಣದಲ್ಲಿ ನಿಲ್ಲಿಸಿದೆವು. ಮನೆಯ ನಡುಭಾಗವನ್ನು ಕಂಬ-ತೊಲೆಗಳ ಮೇಲೆ ನಿಲ್ಲಿಸಿದ್ದ ಹಿರಿಯರ ಕ್ರಮವನ್ನೇ ಹಿಂದಿನ ಗೋಡೆಯವರೆಗೆ ವಿಸ್ತರಿಸಿದಂತಾಯಿತು. ಕೋಣೆಯ ಉಳಿದ ಬಳಕೆಯ ಭಾರವನ್ನೂ ಹಿಡಿದರೆ ನಡುವಿನ ಕಂಬಕ್ಕೆ ಒಂದು ಟನ್ನಿನ ಹತ್ತಿರ ಬರುತ್ತದೆ.

ಕಂಬದ ಕೆಳಗಿನ ನೆಲದ ವಿಷಯದಲ್ಲಿ ನಾನು ಅವಸರ ಮಾಡಲಿಲ್ಲ. ಉಗ್ರಾಣದ ಕಲ್ಲುಹಾಸು ಎತ್ತಿದರೆ ಕೆಳಗೆ ಎರೆ ಮಣ್ಣು. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಎರೆ, ಮಳೆಗಾಲದಲ್ಲಿ ಉಬ್ಬಿ ಮೇಲೇಳುತ್ತದೆ, ಅದರ ಮೇಲೆ ಕೂತ ಕಂಬವೂ ಜೊತೆಗೆ ಏಳುತ್ತದೆ, ಇಳಿಯುತ್ತದೆ. ಮೂರೂಕಾಲು ಅಡಿ ಅಗೆದಾಗ ಗರಸು, ಅಂದರೆ ಗಟ್ಟಿಯಾದ ಜಲ್ಲಿಮಣ್ಣು ಸಿಕ್ಕಿತು. ಎರಡು ಅಡಿ ಚೌಕದ ಗುಂಡಿಯನ್ನು ಗರಸಿನವರೆಗೆ ಇಳಿಸಿ, ಕಾಂಕ್ರೀಟ್ ತುಂಬಿ, ಹದಿನಾಲ್ಕು ದಿನ ನೀರುಣಿಸಿ, ಮೇಲೆ ಒಂದು ಅಡಿ ಎತ್ತರದ ಅಡಿಗಲ್ಲು ಕೂರಿಸಿದೆವು. ಕಂಬದ ಮರಕ್ಕೆ ನೆಲದ ತೇವ ಏರಬಾರದು ಮತ್ತು ಗೆದ್ದಲು ಮಣ್ಣಿನ ಕೊಳವೆ ಕಟ್ಟಿದರೆ ಕಲ್ಲಿನ ಮೇಲೆ ಕಣ್ಣಿಗೆ ಬೀಳಬೇಕು. ಕಂಬದ ತಲೆಗೂ ತೊಲೆಗೂ ನಡುವೆ ಜೋಡಿ ಬೆಣೆ ಇಟ್ಟೆವು. ಎರಡು ಕಡೆಯಿಂದ ಎದುರುಬದುರಾಗಿ ಹೊಡೆದ ಬೆಣೆಗಳಿದ್ದರೆ, ಮುಂದೆ ನೆಲ ತುಸು ಕದಲಿದರೂ ಸುತ್ತಿಗೆಯಿಂದ ಸರಿಪಡಿಸಿಕೊಳ್ಳಬಹುದು.

ಜಂತಿಗಳಿಗೆ ಜೋಡಿ ಕಟ್ಟಲು ಹಳೆಯ ಮನೆಗಳಿಂದ ಬಂದ ಸಾಗವಾನಿಯನ್ನೇ ಆರಿಸಿದೆವು. ಅದು ಚೆನ್ನಾಗಿ ಒಣಗಿದ್ದು, ಇನ್ನು ಸೊಟ್ಟಾಗುವ ಭಯವಿಲ್ಲ. ಅಳತೆಯ ಬಗ್ಗೆ ಕಾಕಾರಿಗೂ ನನಗೂ ಒಂದು ಮಧ್ಯಾಹ್ನವೆಲ್ಲ ಚರ್ಚೆ ನಡೆಯಿತು. ಹಳೆಯದರಂತೆ ಮೂರಕ್ಕೆ ನಾಲ್ಕು ಇಂಚಿನದು ಹಾಕೋಣವೆಂದು ಅವರು, ಎರಡಕ್ಕೆ ಆರು ಇಂಚಿನದು ಹಾಕೋಣವೆಂದು ನಾನು. ಎರಡರಲ್ಲಿಯೂ ತಗಲುವ ಮರ ಒಂದೇ: ಹನ್ನೆರಡು ಚದರ ಇಂಚು. ಆದರೆ ಜಂತಿಯ ಬಲ ಅದರ ಎತ್ತರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ಬಾಗದೆ ನಿಲ್ಲುವ ಬಿಗಿ ಎತ್ತರದ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಅಷ್ಟೇ ಮರದಲ್ಲಿ ಒಂದೂವರೆ ಪಟ್ಟು ಬಲ, ಎರಡೂಕಾಲು ಪಟ್ಟು ಬಿಗಿ ಸಿಗುವಾಗ ಅದನ್ನು ಬಿಡುವುದು ಸರಿಯಲ್ಲವೆಂದೆ. ಅವರು ಮಾತಿಗಿಂತ ಕಣ್ಣನ್ನು ನಂಬುವವರು. ಒಂದೇ ರೀಪನ್ನು ಎರಡು ಇಟ್ಟಿಗೆಗಳ ಮೇಲೆ ಒಮ್ಮೆ ಅಡ್ಡಲಾಗಿ, ಒಮ್ಮೆ ನಿಲುವಾಗಿ ಇಟ್ಟು ಕಾಲಿನಿಂದ ತುಳಿದು ನೋಡಿ, "ಹಂಗಾರ ನಿಂದ ಇರ್ಲಿ. ಖರೆ, ತೆಳು ಮರ ಮಗ್ಗಲಾ ತಿರುವ್ತೈತಿ, ನಡುವ ಅಡ್ಡ ಗುಟ್ಟಿ ಬೇಕು," ಎಂದರು. ಅವರ ಮಾತು ಪೂರ್ತಿ ಸರಿಯಾಗಿತ್ತು. ಎತ್ತರ ಹೆಚ್ಚಿ ಅಗಲ ಕಡಿಮೆಯಾದ ಜಂತಿ ಭಾರದಡಿ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಆದ್ದರಿಂದ ಜಂತಿ ಜಂತಿಗಳ ನಡುವೆ ಎರಡು ಸಾಲು ಅಡ್ಡ ಗುಟ್ಟಿಗಳನ್ನು ಬಿಗಿಯಾಗಿ ಕೂರಿಸಿದೆವು. ಪಕ್ಕದ ಜಂತಿಗೆ ಭಾರ ಹಂಚುವ ಕೆಲಸವನ್ನೂ ಅವು ಮಾಡುತ್ತವೆ.

ಮೊದಲ ಐದು ಜಂತಿಗಳಿಗೆ ಜೋಡಿ ಹಾಕಿ, ಗಟ್ಟಿಯಾಗಿದ್ದ ಕೊನೆಯ ಎರಡನ್ನು ಹಾಗೆಯೇ ಬಿಟ್ಟೆವು. ಸೆಂಟ್ರಿಂಗ್‌ಗೆ ಬಳಸುವ ಕಬ್ಬಿಣದ ಜಾಕಿಗಳ ಆಸರೆ ಕೊಟ್ಟು, ಒಂದೊಂದಾಗಿ ಗೆದ್ದಲು ತಿಂದ ತುದಿ ಕತ್ತರಿಸಿ, ಹೊಸ ಜಂತಿಯನ್ನು ಹಳೆಯದರ ಮಗ್ಗುಲಿಗೆ ಒತ್ತಿ, ಹದಿನಾರು ಇಂಚಿಗೊಂದರಂತೆ ಮೇಲೆ ಕೆಳಗೆ ಹಾವಿನ ನಡಿಗೆಯಲ್ಲಿ 12 ಮಿ.ಮೀ. ಬೋಲ್ಟು ಹಾಕಿದೆವು. ತುದಿಗಳಲ್ಲಿ ಎರಡೆರಡು ಬೋಲ್ಟು, ಮರ ತಗ್ಗದಂತೆ ಎರಡೂ ಕಡೆ ದೊಡ್ಡ ವಾಸರು. ಹಳೆಯ ಜಂತಿ ನಡುವೆ 14 ಮಿ.ಮೀ. ತಗ್ಗಿದ್ದರೂ ಹೊಸದರ ಮೇಲ್ಮೈ ನೀರಿನ ಲೆವೆಲ್ ಪೈಪಿಗೆ ಸರಿಯಾಗಿತ್ತು. ಹಲಗೆಗಳು ಈಗ ಹೊಸ ಜಂತಿಯ ಮೇಲೆ ಸಮವಾಗಿ ಕುಳಿತಿವೆ. ಬೋಲ್ಟಿನ ತೂತುಗಳಿಗೂ ಕತ್ತರಿಸಿದ ತುದಿಗಳಿಗೂ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಎರಡು ಸಲ ಕುಡಿಸಿದೆವು.

ಇಲ್ಲಿ ಒಂದು ಅನಾಹುತವಾಯಿತು. ನಾನು ಊರಿನಲ್ಲಿರದ ಒಂದು ದಿನ ನೀರಿನ ಪೈಪು ಹಾಕಲು ಬಂದ ಕೆಲಸಗಾರರು, ಹೊರಹೋಗುವ ಪೈಪಿಗೆ ದಾರಿ ಮಾಡಲು ಮೂರನೆಯ ಹೊಸ ಜಂತಿಯ ಕೆಳ ಅಂಚಿನಲ್ಲಿ ಎರಡು ಇಂಚು ಆಳದ ಕಚ್ಚು ಕೊರೆದಿದ್ದರು. ಆರು ಇಂಚಿನಲ್ಲಿ ಎರಡು ಹೋದರೆ ಮೂರರಲ್ಲಿ ಒಂದು ಭಾಗ ಹೋಯಿತೆಂದು ಕಾಣುತ್ತದೆ. ಆದರೆ ಉಳಿದ ನಾಲ್ಕು ಇಂಚಿನ ಬಲ ಮೊದಲಿನ ನೂರರಲ್ಲಿ 44 ಮಾತ್ರ. ಅಲ್ಲದೆ, ಭಾರ ಬಿದ್ದಾಗ ಜಂತಿಯ ಕೆಳ ಅಂಚು ಎಳೆತಕ್ಕೆ ಒಳಗಾಗುವುದರಿಂದ ಕಚ್ಚಿನ ಮೂಲೆಯಿಂದಲೇ ಸೀಳು ಹೊರಡುತ್ತದೆ. ಪೈಪಿನ ದಾರಿಯನ್ನು ಮೊದಲೇ ಗುರುತು ಹಾಕಿ ತೋರಿಸದಿದ್ದ ತಪ್ಪು ನನ್ನದು. ಆ ಜಂತಿಯನ್ನು ಬಿಚ್ಚಿ ಬೇರೆಯದನ್ನು ಹಾಕಿದೆವು. ಪೈಪನ್ನು ಮೂರನೆಯ ಮತ್ತು ನಾಲ್ಕನೆಯ ಜಂತಿಗಳ ನಡುವೆ, ಅವುಗಳಿಗೆ ಸಮಾನಾಂತರವಾಗಿ ಒಯ್ದು ಹೊಸ ತೊಲೆಯ ಮೇಲಿಂದ ಗೋಡೆಯಾಚೆ ಇಳಿಸಿದೆವು. ಯಾವ ಮರಕ್ಕೂ ಒಂದು ಗೀರು ಬೀಳಲಿಲ್ಲ. ಇಂಥ ಕೆಲಸ ಮಾಡಿಸುವವರು ಮರ ತರುವ ಮೊದಲು ಪೈಪಿನ ಗೆರೆ ಎಳೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ.

ನೆಲದ ಮೇಲ್ಪದರದಲ್ಲಿ ವಿಶೇಷವೇನಿಲ್ಲ. ಹಳೆಯ ಹಲಗೆಗಳ ಮೇಲೆ ಮಾನಕ 710ರ 18 ಮಿ.ಮೀ. ಮರೈನ್ ಪ್ಲೈವುಡ್, ಅದರ ಮೇಲೆ ತೆಳುವಾದ ಸಿಮೆಂಟ್ ಬೋರ್ಡು, ಮೂಲೆಗಳಿಗೆ ಜಾಳಿಗೆ ಸೇರಿಸಿ ಎರಡು ಸಲ ಬಳಿದ ನೀರುನಿರೋಧಕ ಲೇಪ, ಕೊನೆಗೆ ಟೈಲು. ಎಲ್ಲ ಸೇರಿ ಚದರ ಮೀಟರ್‌ಗೆ ಸುಮಾರು 45 ಕೆ.ಜಿ. ಟೈಲು ಹಾಕುವ ಮುನ್ನ ಬಾಗಿಲಿಗೆ ಕಟ್ಟೆ ಕಟ್ಟಿ ಎರಡು ದಿನ ನೀರು ನಿಲ್ಲಿಸಿ, ಕೆಳಗಿನಿಂದ ಬ್ಯಾಟರಿ ಹಿಡಿದು ನೋಡಿದೆವು. ಒಂದು ಮೂಲೆ ಒದ್ದೆಯಾಗಿತ್ತು. ಅಲ್ಲಿ ಲೇಪವನ್ನು ಕೆರೆದು ಮತ್ತೆ ಬಳಿದೆವು. ಮರದ ಮಾಳಿಗೆಗೆ ಭಾರಕ್ಕಿಂತ ದೊಡ್ಡ ಶತ್ರು ಕಾಣದೆ ಸೋರುವ ನೀರು.

ಟಬ್ಬಿನ ಕಾಲುಗಳು ನೇರವಾಗಿ ಟೈಲಿನ ಮೇಲೆ ನಿಲ್ಲುವುದಿಲ್ಲ. ಮೊದಲ ನಾಲ್ಕು ಜಂತಿಗಳಿಗೆ ಅಡ್ಡವಾಗಿ ಆರು ಅಡಿ ಉದ್ದದ ಎರಡು ಸಾಗವಾನಿ ದಿಮ್ಮಿಗಳನ್ನು ಹಾಸಿ, ಅವುಗಳ ಮೇಲೆ ಕಾಲುಗಳನ್ನು ಕೂರಿಸುವುದೆಂದು ಗೊತ್ತುಮಾಡಿದ್ದೆವು. ಟಬ್ಬು ತರುವ ಮೊದಲು ಅದೇ ದಿಮ್ಮಿಗಳ ಮೇಲೆ 50 ಕೆ.ಜಿ.ಯ ಒಂಬತ್ತು ಸಿಮೆಂಟ್ ಚೀಲಗಳನ್ನು ಒಟ್ಟಿ ಒಂದು ದಿನ ಬಿಟ್ಟೆವು. ಉಗ್ರಾಣದ ನೆಲದಿಂದ ಮೂರನೆಯ ಜಂತಿಯ ನಡುಭಾಗದವರೆಗೆ ಒಂದು ಕೋಲು ನಿಲ್ಲಿಸಿ, ಜಂತಿಯ ಕೆಳ ಅಂಚಿಗೆ ಸರಿಯಾಗಿ ಪೆನ್ಸಿಲ್ ಗೆರೆ ಎಳೆದಿದ್ದೆ. ಜಂತಿ ಒಂದು ಮಿ.ಮೀ. ಬಾಗಬೇಕೆಂದು ಲೆಕ್ಕ ಹೇಳುತ್ತಿತ್ತು, ಬಾಗಿದ್ದು ಒಂದೂವರೆ. ಚೀಲ ಇಳಿಸಿದ ಮೇಲೆ ಅರ್ಧ ಮಿ.ಮೀ. ಉಳಿಯಿತು, ಬೆಣೆ ಮತ್ತು ಬೋಲ್ಟುಗಳು ಕುಳಿತುಕೊಳ್ಳುವಾಗ ಅಷ್ಟು ಆಗುವುದು ಸಹಜ. ಎಲ್ಲ ನಟ್ಟುಗಳನ್ನು ಮತ್ತೊಮ್ಮೆ ಬಿಗಿದೆವು.

ಓಣಿಯ ಆರು ಜನ ಹುಡುಗರು ಸೇರಿ, ಗೋಣಿಚೀಲ ಸುತ್ತಿದ ಟಬ್ಬನ್ನು ಕಲ್ಲಿನ ಮೆಟ್ಟಿಲುಗಳ ಮೇಲೆ ಏರಿಸಿ ತಂದರು. ಅಕ್ಕ ಮೊದಲ ಬಾರಿ ನೀರು ತುಂಬಿಸಿದಾಗ ನಾನು ಉಗ್ರಾಣದಲ್ಲಿ ಕೋಲಿನ ಮುಂದೆ ಕುಳಿತಿದ್ದೆ. "ಏನರ ಸಪ್ಪಳ ಬಂತೇನೋ?" ಎಂದು ಮೇಲಿನಿಂದ ಕೇಳಿದಳು. ಯಾವ ಸದ್ದೂ ಬರಲಿಲ್ಲ. ಗೆರೆ ಒಂದು ಮಿ.ಮೀ.ಗಿಂತ ಹೆಚ್ಚು ಕದಲಲಿಲ್ಲ. ನಮ್ಮ ಊರಿನಲ್ಲಿ 170 ಲೀಟರ್ ನೀರನ್ನು ಚರಂಡಿಗೆ ಬಿಡಲು ಮನಸ್ಸು ಒಪ್ಪದ ಕಾರಣ, ಹೊರಹೋಗುವ ಪೈಪನ್ನು ಹಿತ್ತಿಲ ತೆಂಗಿನ ಪಾತಿಗೆ ಜೋಡಿಸಿದ್ದೇವೆ. ಕಂಬಗಳ ಕೆಳಗಿನ ಎರೆಗೆ ಆ ತೇವ ತಗಲದಂತೆ ಪಾತಿಯನ್ನು ಗೋಡೆಯಿಂದ ಹನ್ನೆರಡು ಅಡಿ ದೂರ ಇಟ್ಟೆವು.

ಮಳೆಗಾಲ ಮುಗಿದ ಮೇಲೆ ಬೆಣೆಗಳನ್ನು ಪರೀಕ್ಷಿಸಿದೆ. ಪಶ್ಚಿಮದ ಕಂಬದ ಮೇಲಿನ ಜೋಡಿ ಕೈಗೆ ಅಲ್ಲಾಡುತ್ತಿತ್ತು. ಕಾಕಾ ಬಂದು ಎರಡೂ ಕಡೆಯಿಂದ ಮೂರು ಮೂರು ಏಟು ಕೊಟ್ಟು ಬಿಗಿ ಮಾಡಿ, ತೊಲೆಯ ಮೇಲೆ ಆ ದಿನದ ತಾರೀಖು ಬರೆದರು. ಪೆನ್ಸಿಲ್ ಗೆರೆಯ ಕೋಲು ಈಗಲೂ ಉಗ್ರಾಣದ ಮೂಲೆಯಲ್ಲಿದೆ. ಮುಂದಿನ ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟಾಗ ಮತ್ತೊಮ್ಮೆ ನಿಲ್ಲಿಸಿ ನೋಡಬೇಕು.